ಮಿತ್ರ ಮಂಡಳಿಯ ಕೋಚು ಹೊತ್ತ ಹರಕೆ

ಫುಟ್‌ಬಾಲ್ ಹುಚ್ಚಿನ ಮನುಷ್ಯ ಸ್ಪೇನಿಗೆ ಹೊರಟ ಅಂದರೆ ಜನ ಏನಂದುಕೊಳ್ಳುತ್ತಾರೆ? ಮ್ಯಾಡ್ರಿಡ್‌ನಲ್ಲಿ ಇಳಿದವನೇ ಸೂಟ್‌ಕೇಸನ್ನು ಹೋಟೆಲಿನಲ್ಲಿ ಒಗೆದು ದೊಡ್ಡ ಸ್ಟೇಡಿಯಮ್ಮಿಗೆ ಓಡುತ್ತಾನೆ, ಗೇಟಿನ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾನೆ, ಬರುವಾಗ ಸ್ನೇಹಿತರಿಗೆಲ್ಲ ಜರ್ಸಿ ಹೊತ್ತು ತರುತ್ತಾನೆ ಅಂತ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೀರಾ ಮೆಸಾ ಬಡಾವಣೆಯ ಓಂಪ್ರಕಾಶರು ಇದ್ಯಾವುದನ್ನೂ ಮಾಡಲಿಲ್ಲ. ಹೋಟೆಲಿನ ಕೆಳಗಿದ್ದ ಕೆಫೆಯಲ್ಲಿ ಗೋಡೆಯಗಲದ ಟೀವಿಯೊಳಗೆ ಘಟಾನುಘಟಿಗಳು ಆಡುತ್ತಿದ್ದರೆ, ಇವರು ಅದಕ್ಕೆ ಬೆನ್ನು ಕೊಟ್ಟು ಕೂತು, ಕಾರ್ತಿಕ್ ಎಂಬ ನೆಟ್‌ವರ್ಕ್ ಇಂಜಿನಿಯರ್ ಸ್ಯಾನ್ ಡಿಯಾಗೋದ ಪಾರ್ಕೊಂದರಲ್ಲಿ ಕಾರ್ನರ್ ಕಿಕ್ ಅಭ್ಯಾಸ ಮಾಡುವ ವಿಡಿಯೋವನ್ನು ಫೋನಿನಲ್ಲಿ ನೋಡುತ್ತಿದ್ದರು. ಆ ಚೆಂಡಾದರೂ ನೆಟ್ಟಗೆ ಹೋಗುತ್ತಿತ್ತೇ? ಪ್ರತಿ ಸಲವೂ ಕಸದ ಡಬ್ಬಿಯ ಕಡೆಗೇ.

"ರೀ, ಜಗತ್ತಿನ ಮಂದಿ ದುಡ್ಡು ಕೊಟ್ಟು ಬಂದು ನೋಡೋ ಆಟ ನಿಮ್ಮ ಬೆನ್ನ ಹಿಂದ ನಡದೈತಿ," ಅಂದರು ಹೆಂಡತಿ ವೈಶಾಲಿ.

"ನಡೀಲಿ ಬಿಡ. ಅವರಿಗೆ ನಾ ಏನ್ ಹೇಳಬೇಕಾಗೇತಿ? ಅವರಿಗೆ ಆಡಾಕ ಬರತೈತಿ," ಅಂದರು ಓಂಪ್ರಕಾಶರು.

ಮನುಷ್ಯ ಅಷ್ಟೇ. ಆಡಲಿಕ್ಕೆ ಬರುವವರ ಮೇಲೆ ಅವರಿಗೆ ಆಸಕ್ತಿ ಇರಲಿಲ್ಲ.

ಓಂಪ್ರಕಾಶರು ಬೆಳಗಾವಿಯವರು. ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದವರು, ಬಲಗಾಲಿನ ಮಂಡಿ ಆಗಲೇ ಕೈಕೊಟ್ಟಿತ್ತು. ಆಮೇಲೆ ಟೆಲಿಕಾಂ ಕೆಲಸ, ರಾಂಚೊ ಬರ್ನಾರ್ಡೊದ ಆಫೀಸು, ದಿನಾ ಹದಿನೈದನೇ ಹೈವೇಯ ಟ್ರಾಫಿಕ್ಕು, ವೈಶಾಲಿಯ ಫಾರ್ಮಸಿ ಡ್ಯೂಟಿ, ಲಾಸ್ ಏಂಜಲೀಸ್‌ನಲ್ಲಿ ಓದುವ ಮಗಳು ಹರಿಣಿ. ಐವತ್ತು ದಾಟುವ ತನಕ ಚೆಂಡು ಗ್ಯಾರೇಜಿನ ಮೂಲೆಯಲ್ಲಿ ಗಾಳಿ ಇಳಿದು ಮಲಗಿತ್ತು. ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೊಳೆಯುವಂತಾದಾಗ, ಇವರು ಅದಕ್ಕೆ ಗಾಳಿ ಹೊಡೆದು ಪಾರ್ಕಿಗೆ ಒಯ್ದು, ಒಬ್ಬರೇ ಗೋಡೆಗೆ ಒದೆಯುತ್ತ ನಿಂತರು. ಮಾಸ್ಕ್ ಹಾಕಿಕೊಂಡು ವಾಕಿಂಗ್ ಹೊರಟಿದ್ದ ಕಾರ್ತಿಕ್ ಸ್ವಲ್ಪ ಹೊತ್ತು ದೂರದಲ್ಲಿ ನಿಂತು ನೋಡಿದ. ಪಕ್ಕದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಹುಡುಗ, ಹುಡುಗ ಅಂದರೆ ಮೂವತ್ತೇಳರವನು, ಎರಡು ಹೆಣ್ಣುಮಕ್ಕಳ ತಂದೆ. "ಸರ್, ನಾನೂ ಬರ್ಲಾ? ಮನೇಲಿ ತಲೆ ಕೆಟ್ಟೋಗಿದೆ," ಅಂದ. ಅವನ ಹಿಂದೆ ಗಿರಿಧರ್ ಬಂದ, ಪ್ರಣವ್ ಬಂದ, ಅಮೋಘ ಬಂದ. ಒಬ್ಬನಿಗೂ ಫುಟ್‌ಬಾಲ್ ಗೊತ್ತಿರಲಿಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ ಕ್ರಿಕೆಟ್ ಆಡಿ ಬೆಳೆದವರು, ಚೆಂಡು ತಮ್ಮ ಕಡೆ ಬಂದರೆ ಕೈ ಚಾಚುತ್ತಿದ್ದರು.

ಹೀಗೆ ಹುಟ್ಟಿತು ಮೀರಾ ಮೆಸಾ ಮಿತ್ರ ಮಂಡಳಿ. ಆಗಿನ ನಿಯಮದಂತೆ ಆರಡಿ ಅಂತರ ಕಾಯ್ದುಕೊಂಡು ಫುಟ್‌ಬಾಲ್ ಕಲಿತ ತಂಡ ಜಗತ್ತಿನಲ್ಲಿ ಇದೊಂದೇ ಇರಬೇಕು. ರೋಗ ಹೋಯಿತು, ಆ ಚಾಳಿ ಹೋಗಲಿಲ್ಲ. ಎದುರಾಳಿ ಚೆಂಡು ತಂದರೆ ಇವರು ಈಗಲೂ ಆರಡಿ ದೂರ ಸರಿದು, ಹಿರಿಯರಿಗೆ ದಾರಿ ಬಿಟ್ಟಂತೆ ಬಿಡುತ್ತಾರೆ.

ಮೂವತ್ತೈದು ದಾಟಿದವರ ಲೀಗಿಗೆ ಸೇರಿ ಎರಡು ವರ್ಷವಾದರೂ ಮಂಡಳಿ ಒಂದೇ ಒಂದು ಮ್ಯಾಚು ಗೆದ್ದಿರಲಿಲ್ಲ. ಡ್ರಾ ಆದರೆ ಮದುವೆ ಮನೆಯ ಸಂಭ್ರಮ, ಸೋತರೆ ದೋಸೆ ಹೋಟೆಲು. ಕ್ರಿಕೆಟ್ ಕ್ಲಬ್ಬಿನ ಉದಯಶಂಕರ ಸಿಕ್ಕಲ್ಲೆಲ್ಲ, "ಏನ್ ಓಂಪ್ರಕಾಶ್, ನಿಮ್ಮೋರು ಗೋಲ್ ಹೊಡೆದ್ರಂತೆ? ಯಾವ ಕಡೆಗೆ?" ಅಂತ ಕೇಳಿ ಹೊಟ್ಟೆ ಕುಣಿಸಿ ನಗುತ್ತಿದ್ದ. ಓಂಪ್ರಕಾಶರೂ ನಗುತ್ತಿದ್ದರು. ಭಾನುವಾರ ಬಂದರೆ ಗೆರೆಯ ಹೊರಗೆ, ನೀರಿನ ಕ್ಯಾನಿನ ಪಕ್ಕದಲ್ಲಿ ಹೋಗಿ ನಿಲ್ಲುತ್ತಿದ್ದರು. ಬೇರೆ ಕೋಚುಗಳ ಹಾಗೆ ಕಿರುಚಾಟ ಇಲ್ಲ, ಬೈಗುಳ ಇಲ್ಲ. ಯಾರಾದರೂ ಎಡವಟ್ಟು ಮಾಡಿಕೊಂಡರೆ ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಒತ್ತಿ ತೋರಿಸುವುದು, ನಿಧಾನ, ನಿಧಾನ ಅಂತ. ಒಂದೇ ಒಂದು ಮ್ಯಾಚನ್ನೂ ತಪ್ಪಿಸಿದವರಲ್ಲ. ಜ್ವರ ಬಂದಾಗಲೂ ಶಾಲು ಹೊದ್ದು ನಿಂತಿದ್ದರು. ಆ ಭಾನುವಾರದ ಎರಡು ತಾಸಿಗಾಗಿಯೇ ವಾರದ ಐದು ದಿನದ ಆಫೀಸನ್ನು ಅವರು ಸಹಿಸುತ್ತಿದ್ದರು ಅಂದರೆ ಉತ್ಪ್ರೇಕ್ಷೆಯಲ್ಲ.

ಅಂಥವರು ಸ್ಪೇನಿಗೆ ಹೋಗುವ ವಾರದಲ್ಲೇ ಸೀಸನ್ನಿನ ಕೊನೆಯ ಮ್ಯಾಚು ಬಂದು ಬೀಳಬೇಕೇ! ಅದಿದ್ದದ್ದು ಏಪ್ರಿಲ್‌ನಲ್ಲಿ. ಮೈದಾನದ ಹುಲ್ಲು ಬದಲಿಸಬೇಕು ಅಂತ ಲೀಗಿನವರು ಮೇ ತಿಂಗಳಿಗೆ, ಅದೂ ಲಾಸ್ ಏಂಜಲೀಸ್‌ಗೆ, ತಳ್ಳಿದರು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ನೆಪಕ್ಕೆ ವೈಶಾಲಿ ಕಾಯುತ್ತಿದ್ದ ಪ್ರವಾಸ ಅದು. ಗ್ರನಾಡಾದ ಅಲ್ಹಾಂಬ್ರ ಅರಮನೆಯ ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ದಿನಾ ನೋಡುತ್ತಿದ್ದವರು. ಟಿಕೆಟ್ ಮುಂದೂಡಬಹುದೇ ಅಂತ ಓಂಪ್ರಕಾಶರು ಗುಟ್ಟಾಗಿ ಮಗಳಿಗೆ ಫೋನ್ ಮಾಡಿ ಕೇಳಿದರು. "ಅಪ್ಪಾ! ನಾನ್-ರಿಫಂಡಬಲ್! ಅಂಡ್ ಅಮ್ಮ ವಿಲ್ ಕಿಲ್ ಯೂ!" ಅಂದಳು ಹರಿಣಿ. ಅಲ್ಲಿಗೆ ಮಾತು ಮುಗಿಯಿತು.

ಹೊರಡುವ ಮುನ್ನಿನ ಭಾನುವಾರ ಪ್ರಾಕ್ಟೀಸ್ ಮುಗಿಸಿ ಎಲ್ಲರೂ ಶೂ ಬಿಚ್ಚುತ್ತಿದ್ದಾಗ ಕಾರ್ತಿಕ್ ಅಂದ, "ಸರ್, ನೀವು ಆರಾಮಾಗಿ ಹೋಗ್ಬನ್ನಿ. ನೋಡ್ತಿರಿ, ನೀವಿಲ್ದೇ ಇದ್ರೆ ನಾವು ಗೆದ್ದೇ ಗೆಲ್ತೀವಿ."

"ಹೌದು ಸರ್," ಅಂದ ಅಮೋಘ, "ಎರಡು ವರ್ಷದಿಂದ ನಾವು ಸೋತ ಎಲ್ಲಾ ಮ್ಯಾಚಲ್ಲೂ ಕಾಮನ್ ಏನು ಹೇಳಿ? ನೀವೇ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಓಂಪ್ರಕಾಶರೇ. ಆದರೆ ಕಾರು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡತೊಡಗಿತು. ಖರೇನೇ ಇದ್ದರೆ? ನಾನೇ ಅಪಶಕುನ ಇದ್ದರೆ? ಪಾಪ, ಹುಡುಗರು ಮುಖ ನೋಡಿ ಹೇಳಲಾರದೆ ತಮಾಷೆ ಮಾಡಿ ಹೇಳಿದರೇನೋ. ನಮ್ಮಲ್ಲಿ ಕ್ರಿಕೆಟ್ ನೋಡುವಾಗ ಕೂತ ಕುರ್ಚಿಯಿಂದ ಎದ್ದದ್ದಕ್ಕೇ ವಿಕೆಟ್ ಬಿತ್ತು ಅಂತ ಅಣ್ಣತಮ್ಮಂದಿರು ಮಾತು ಬಿಡುವುದಿಲ್ಲವೇ? ಅಂಥ ನೆಲದಲ್ಲಿ ಹುಟ್ಟಿದವರಿಗೆ ಇಂಜಿನಿಯರಿಂಗ್ ಡಿಗ್ರಿ ಎಲ್ಲಿ ಉಪಯೋಗಕ್ಕೆ ಬರಬೇಕು!

ಮಾರನೇ ದಿನ ಸೋಮವಾರ. ಬಾಗಲಕೋಟೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಶಿವಬಸವ್ವನವರನ್ನು ಅವರು ದೇವಸ್ಥಾನಕ್ಕೆ ಕರೆದೊಯ್ದರು. ದಾರಿಯಲ್ಲಿ ಅದೂ ಇದೂ ಮಾತಿನ ನಡುವೆ ಅತ್ತೆ, ತಾವು ಕಾಶಿಗೆ ಹೋದಾಗ ಬದನೆಕಾಯಿ ಬಿಟ್ಟು ಬಂದ ಕಥೆ ಹೇಳಿದರು. "ದೇವರಿಗೆ ಏನರ ಕೇಳೋದಿದ್ರ ನಮಗ ಜೀವ ಅನ್ನೋದನ್ನ ಬಿಡಬೇಕ್ರಿ ಅಳಿಯಾರ. ಹಾಗಲಕಾಯಿ ಬಿಟ್ಟು ಬಂದವರ ಮಾತು ಅಂವ ಕೇಳೂದಿಲ್ಲ."

ಓಂಪ್ರಕಾಶರು ಶಿವಲಿಂಗದ ಮುಂದೆ ಕಣ್ಣು ಮುಚ್ಚಿದರು. ತಮಗೆ ಜೀವ ಅನ್ನುವಂಥದ್ದು ಯಾವುದು ಅಂತ ಹುಡುಕಬೇಕಾದ ಕಷ್ಟವೇ ಬರಲಿಲ್ಲ. 'ಅವರು ಒಂದು ಸಲ ಗೆಲ್ಲಲಿ ಸ್ವಾಮಿ. ಗೆದ್ದರೆ ನಾನು ಇನ್ನು ಆ ಮೈದಾನದ ಗೆರೆಯ ಹತ್ತಿರ ನಿಲ್ಲುವುದಿಲ್ಲ' ಅಂತ ಬೇಡಿಕೊಂಡುಬಿಟ್ಟರು. ಮಂಗಳಾರತಿ ತೆಗೆದುಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಎದೆ ಧಸಕ್ಕೆಂದಿತು. ಅಯ್ಯೋ, ಎಂಥಾ ಮಾತು ಆಡಿಬಿಟ್ಟೆ! ಆದರೆ ಹೊತ್ತ ಹರಕೆಯನ್ನು ವಾಪಸು ತೆಗೆದುಕೊಳ್ಳಲು ಅದೇನು ಅಂಗಡಿಯಲ್ಲಿ ಕೊಂಡ ಅಂಗಿಯೇ?

ಹೀಗೆ ಆ ಹರಕೆಯನ್ನು ಯಾರಿಗೂ ಹೇಳದೆ ಹೊತ್ತುಕೊಂಡೇ ಅವರು ಲಾಸ್ ಏಂಜಲೀಸ್‌ಗೆ ಡ್ರೈವ್ ಮಾಡಿ ವಿಮಾನ ಹತ್ತಿದ್ದು. ಸ್ಪೇನು ಚೆನ್ನಾಗಿತ್ತು. ಬಿಸಿಲು ನಮ್ಮ ಕಡೆಯದೇ, ಜನ ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗುವುದೂ ಬೆಳಗಾವಿಯ ಹಳೇ ಪೇಟೆಯ ರೀತಿಯೇ. ವೈಶಾಲಿ ಬೆಳಿಗ್ಗೆ ಎದ್ದು ಹಾಡು ಗುನುಗುತ್ತ ತಲೆ ಬಾಚಿಕೊಳ್ಳುವುದನ್ನು ಅವರು ಎಷ್ಟೋ ವರ್ಷದ ಮೇಲೆ ಕಂಡರು, ಕಂಡು ನಿಜವಾಗಿಯೂ ಹಿಗ್ಗಿದರು. ಒಬ್ಬ ಟ್ಯಾಕ್ಸಿ ಡ್ರೈವರ್ ಯಾವ ಟೀಮು ಅಂತ ಕೇಳಿದಾಗ, "ಮೀರಾ ಮೆಸಾ ಮಿತ್ರ ಮಂಡಳಿ," ಅಂದರು ಎದೆ ಸೆಟೆಸಿ. ಅವನು ಕನ್ನಡಿಯಲ್ಲಿ ಅವರನ್ನೇ ನೋಡುತ್ತ ಬಹಳ ಗೌರವದಿಂದ ತಲೆಯಾಡಿಸಿದ. ಯಾವುದೋ ದಕ್ಷಿಣ ಅಮೆರಿಕದ ಹಳೇ ಕ್ಲಬ್ಬು ಇರಬೇಕು ಅಂದುಕೊಂಡನೋ ಏನೋ.

ಮ್ಯಾಚಿನ ದಿನ ಅವರು ಗ್ರನಾಡಾದಲ್ಲಿದ್ದರು. ಲಾಸ್ ಏಂಜಲೀಸ್‌ನಲ್ಲಿ ಬೆಳಿಗ್ಗೆ ಆಟ ಶುರುವಾದರೆ ಇಲ್ಲಿ ಸಂಜೆ. ಅಲ್ಹಾಂಬ್ರದ ಒಳ ಅರಮನೆಗೆ ಇವರ ಪ್ರವೇಶವೂ ಅದೇ ಸಂಜೆಗೆ, ಟಿಕೆಟ್ಟಿನ ಮೇಲೆ ಹೊತ್ತು ಬರೆದಿತ್ತು, ತಪ್ಪಿದರೆ ಒಳಗೆ ಬಿಡುವುದಿಲ್ಲ. "ಸಾಲಿನೊಳಗ ನಿಂತಾಗ ನೋಡ್ಕೊಳ್ರಿ. ಬಾಗಲಾ ದಾಟಿದ ಮ್ಯಾಲೆ ಫೋನು ನನ್ನ ಪರ್ಸಿನಾಗ," ಅಂತ ಒಪ್ಪಂದ ಮಾಡಿಕೊಂಡಿದ್ದರು ವೈಶಾಲಿ.

ಆಟದ ವಿಡಿಯೋ ತೋರಿಸಬೇಕಾದವಳು ಕಾರ್ತಿಕ್‌ನ ಹೆಂಡತಿ ರಚನಾ. ಶಿವಬಸವ್ವನವರನ್ನು ಈ ವಾರವೆಲ್ಲ ತನ್ನ ಮನೆಯಲ್ಲಿ ಇಟ್ಟುಕೊಂಡು, ಮೈದಾನಕ್ಕೂ ಕರೆದುಕೊಂಡು ಬಂದಿದ್ದಳು. ಆದರೆ ಲೈನಿನಲ್ಲಿ ಬಾವುಟ ಹಿಡಿಯಲು ಪ್ರತಿ ತಂಡ ಒಬ್ಬರನ್ನು ಕೊಡಬೇಕು, ಮಂಡಳಿಯಲ್ಲಿ ಮಿಕ್ಕವರು ಯಾರೂ ಇರಲಿಲ್ಲ. ರಚನಾ ಬಾವುಟ ಹಿಡಿದು ಹೋದಳು, ಫೋನು ಶಿವಬಸವ್ವನವರ ಕೈಗೆ ಬಂತು. ಜನ್ಮದಲ್ಲಿ ಫುಟ್‌ಬಾಲ್ ನೋಡದ ಹೆಂಗಸು. ಓಂಪ್ರಕಾಶರ ಫೋನಿನಲ್ಲಿ ಮೊದಲು ಕಂಡದ್ದು ಅತ್ತೆಯ ಹೆಬ್ಬೆರಳು, ಆಮೇಲೆ ಸೆರಗು, ಆಮೇಲೆ ಕ್ಯಾಲಿಫೋರ್ನಿಯಾದ ಸ್ವಚ್ಛ ನೀಲಿ ಆಕಾಶ.

"ಅತ್ತಿಯಾರ, ಫೋನು ಸ್ವಲ್ಪ ಕೆಳಗ ಮಾಡ್ರಿ. ಏನ್ ನಡದೈತಿ?"

"ಎಲ್ಲಾರೂ ಓಡಾಕತ್ತಾರ."

"ಯಾ ಕಡೆ?"

"ಎರಡೂ ಕಡೆ. ಒಬ್ಬ ಬಿದ್ದ. ಗಡ್ಡದಂವ. ನಮ್ಮಂವ ಅಲ್ಲ, ಬೀಳಲಿ ಬಿಡ್ರಿ."

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು. ಓಂಪ್ರಕಾಶರು ಫೋನನ್ನು ಕಿವಿಗೂ ಕಣ್ಣಿಗೂ ಬದಲಿಸುತ್ತ ಕಾಲು ಎಳೆದುಕೊಂಡು ಸರಿದರು. ಅಷ್ಟರಲ್ಲಿ ಆಕಡೆಯಿಂದ ಹೋ ಅಂತ ಗದ್ದಲ.

"ಚಂಡು ಬಲಿಯೊಳಗ ಹೋತ್ರಿ ಅಳಿಯಾರ!"

"ಯಾರ ಬಲಿಯೊಳಗ?"

"ಬಲಿ ಅಂದ್ರ ಬಲಿ. ಎರಡೂ ಒಂದ ನಮೂನಿ ಅದಾವು, ನಾ ಹ್ಯಾಂಗ ಹೇಳ್ಲಿ?"

"ನಗಾಕತ್ತವರು ಯಾರು ನೋಡ್ರಿ."

"ಗಡ್ಡದಂವ ನಗಾಕತ್ತಾನ. ನಮ್ಮ ಗಿರಿಧರ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಾನ."

ಒಂದು ಗೋಲು ಹಿಂದೆ. ಓಂಪ್ರಕಾಶರು ಹಣೆ ಚಚ್ಚಿಕೊಂಡರು, ಅದರ ಬೆನ್ನಿಗೇ ಮನಸ್ಸು ಒಂಚೂರು ಹಗುರವೂ ಆಯಿತು. ಸೋತರೆ ಹರಕೆ ಇಲ್ಲ. ಮುಂದಿನ ಸೀಸನ್ನಿಗೆ ನಾನು ನಿಲ್ಲಬಹುದು. ಈ ಯೋಚನೆ ಬಂದದ್ದೇ ತಡ, ತಮ್ಮ ಮೇಲೆ ತಮಗೇ ಹೇಸಿಗೆ ಬಂತು. ಥೂ, ನಮ್ಮ ಹುಡುಗರು ಸೋಲಲಿ ಅಂತ ಕಾಯುವ ಕೋಚೂ ಒಬ್ಬ ಕೋಚೇ?

ಹಾಫ್ ಟೈಮಿನಲ್ಲಿ ಶಿವಬಸವ್ವ ಎಲ್ಲರಿಗೂ ಶೇಂಗಾ ಚಟ್ನಿ ಹಚ್ಚಿದ ಚಪಾತಿ ತಿನ್ನಲು ಒತ್ತಾಯ ಮಾಡಿದರಂತೆ, ಆಟದ ನಡುವೆ ತಿನ್ನಬಾರದು ಅಂದ ಕಾರ್ತಿಕ್‌ಗೆ ಬೈದರಂತೆ. ಪ್ರಣವ್ ಮಾತ್ರ ಬೈಸಿಕೊಳ್ಳಲಾರದೆ ಎರಡು ತಿಂದನಂತೆ. ಆಟ ಮತ್ತೆ ಶುರುವಾಗಿ ಸಾಲು ಬಾಗಿಲಿನ ಹತ್ತಿರ ಬರುವ ಹೊತ್ತಿಗೆ ಇನ್ನೊಂದು ಗದ್ದಲ. ಈ ಸಲ ಫೋನಿನ ತುಂಬ ಅತ್ತೆಯ ಮುಖವೇ ಇತ್ತು, ಬಾಯಿ ಕಿವಿಯ ತನಕ ಹರಿದಿತ್ತು.

"ಗಿರಿಧರ ಹೊಡದನ್ರಿ! ಕಾಲೀಲೆ ಅಲ್ಲ, ತಲೀಲೆ ಹೊಡದ! ನಡೀತೈತೇನ್ ಹಂಗ?"

"ನಡೀತೈತಿ ಅತ್ತಿಯಾರ! ನಡೀತೈತಿ!" ಓಂಪ್ರಕಾಶರು ಕೂಗಿದ ಕೂಗಿಗೆ ಮುಂದಿದ್ದ ಜರ್ಮನ್ ಅಜ್ಜಿ ಬೆಚ್ಚಿ ತಿರುಗಿದಳು. ಒಂದು ಒಂದು. ಕೂಗಿದ ಬಾಯಿ ಇನ್ನೂ ಮುಚ್ಚಿರಲಿಲ್ಲ, ಮುಖದ ರಕ್ತವೆಲ್ಲ ಇಳಿದುಹೋಯಿತು.

ವೈಶಾಲಿ ನೋಡುತ್ತಲೇ ಇದ್ದರು. "ಏನಾತ್ರಿ? ಗೋಲು ನಮ್ಮವರದ ಅಂದ್ರಿ, ಮತ್ತ ಮೋತಿ ಯಾಕ ಹಿಂಗ?"

"ಏನಿಲ್ಲ."

"ಇಪ್ಪತ್ತೈದು ವರ್ಷದಿಂದ ಈ ಮೋತಿ ನೋಡಾಕತ್ತೇನಿ. ಏನೈತಿ ಹೇಳ್ರಿ."

ಇನ್ನು ಮುಚ್ಚಿಡಲು ಆಗಲಿಲ್ಲ. ಅಲ್ಲೇ ಸಾಲಿನಲ್ಲಿ, ಹಿಂದೆ ಮುಂದೆ ಹತ್ತು ದೇಶದ ಜನರ ನಡುವೆ, ಹರಕೆಯ ಕಥೆಯೆಲ್ಲ ಹೇಳಿದರು. ಕಾರ್ತಿಕ್ ಆಡಿದ ಮಾತು, ಅಮೋಘ ಆಡಿದ ಮಾತು, ತಾವು ಕಣ್ಣು ಮುಚ್ಚಿ ಬೇಡಿಕೊಂಡದ್ದು, ಎಲ್ಲ. ವೈಶಾಲಿಗೆ ಸಿಟ್ಟು ನೆತ್ತಿಗೇರಿತು.

"ಹುಚ್ಚು ಹಿಡದೈತೇನ್ರಿ ನಿಮಗ? ಯಾರೋ ಚ್ಯಾಷ್ಟಿ ಮಾಡಿದ್ರ ದೇವರ ಮುಂದ ಹೋಗಿ ಹಿಂಗ ಆಣಿ ಹಾಕೋದೇನು? ಭಾನುವಾರ ನೀವು ಮನ್ಯಾಗ ಕುಂತ್ರ ನನ್ನ ಗತಿ ಏನ್ ಆಕ್ಕೈತಿ ಅಂತಾದ್ರೂ ವಿಚಾರ ಮಾಡೀರೇನು? ಇಡೀ ದಿನ ನನ್ನ ಅಡಗಿಮನಿಗೆ ಬಂದು ಕೋಚ್ ಮಾಡ್ತೀರಿ!"

ಅಷ್ಟು ಬೈದವರು ಕೊನೆಗೆ ಗಂಡನ ಅಂಗಿಯ ಕಾಲರನ್ನು ಸರಿ ಮಾಡಿದರು. ಸಿಟ್ಟಿನ ಕೆಳಗೆ ಮರುಕವಿತ್ತು. ಗಂಡನಿಗೆ ಆ ಮೈದಾನ ಏನೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲಲ್ಲಿದ್ದವನು ಟಿಕೆಟ್ ಕೇಳಿದ. ಆಟ ಇನ್ನೂ ಮುಗಿದಿರಲಿಲ್ಲ. ಓಂಪ್ರಕಾಶರು ಫೋನಿನ ಕಡೆ ನೋಡಿದರು, ಅಲ್ಲಿ ಆಕಾಶವಿತ್ತು. ಹೆಂಡತಿಯ ಕಡೆ ನೋಡಿದರು. ಫ್ರಿಜ್ಜಿನ ಬಾಗಿಲ ಮುಂದೆ ನಿಂತು ಹಾಲಿನ ಡಬ್ಬಿ ಕೈಯಲ್ಲಿ ಹಿಡಿದು ಆ ಚಿತ್ರ ನೋಡುತ್ತಿದ್ದವಳು ಈಗ ಆ ಅರಮನೆಯ ಬಾಗಿಲಲ್ಲೇ ನಿಂತಿದ್ದಾಳೆ. "ಅತ್ತಿಯಾರ, ನಾವು ಒಳಗ ಹೊಂಟೇವ್ರಿ. ಆಮ್ಯಾಲೆ ಮಾಡ್ತೀನಿ," ಅಂತ ಹೇಳಿ ಫೋನು ಆರಿಸಿ ತಾವಾಗಿಯೇ ಪರ್ಸಿನಲ್ಲಿ ಹಾಕಿದರು.

ಒಳಗೆ ಮೊದಲು ಅವರಿಗೆ ಏನೂ ಕಾಣಲಿಲ್ಲ. ಗೋಡೆ ತುಂಬ ಕೆತ್ತನೆ ಇದೆ ಅಂತ ಗೊತ್ತಾಗುತ್ತಿತ್ತು, ಅಷ್ಟೇ. ಈಗ ಕಾರ್ನರ್ ಬಂದಿರಬಹುದು. ಈಗ ಪ್ರಣವ್‌ಗೆ ಚಪಾತಿ ಭಾರವಾಗಿ ಏದುಸಿರು ಬಂದಿರಬಹುದು. ಆಮೇಲೆ ನಡುವೆ ಉದ್ದಕ್ಕೆ ನೀರು ನಿಲ್ಲಿಸಿದ ಒಂದು ಅಂಗಳ ಬಂತು. ಸಂಜೆಯ ಬಿಸಿಲಿನಲ್ಲಿ ಇಡೀ ಗೋಪುರ ಆ ನೀರಿನೊಳಗೆ ಅಲುಗಾಡದೆ ನಿಂತಿತ್ತು. ವೈಶಾಲಿ ಮಾತೇ ಆಡದೆ ಅವರ ತೋಳು ಹಿಡಿದುಕೊಂಡರು, ಬಿಗಿಯಾಗಿ, ಹೊಸದಾಗಿ ಮದುವೆಯಾದವರ ಹಾಗೆ. ಅವರ ಕಣ್ಣಿನಲ್ಲಿ ನೀರಿತ್ತು.

ಅಲ್ಲಿ ನಿಂತಾಗ ಓಂಪ್ರಕಾಶರ ಮನಸ್ಸು ಒಂದು ಕಡೆಗೆ ಬಂತು. ಇವಳು ಎಷ್ಟೋ ವರ್ಷದಿಂದ ಬೇಡಿಕೊಂಡದ್ದು ಇವಳಿಗೆ ಸಿಕ್ಕಿತು, ನೋಡಿ ನನಗೆ ಎಷ್ಟು ಸಂತೋಷವಾಯಿತು! ಆ ಹುಡುಗರೂ ಒಂದೇ ಒಂದು ಗೆಲುವು ಬೇಡಿ ಎರಡು ವರ್ಷ ಮಂಡಿ ತರಚಿಕೊಂಡಿದ್ದಾರೆ. ಅವರಿಗೂ ಸಿಗಲಿ. ನನ್ನದು ಹೋದರೆ ಹೋಗಲಿ, ನಾನು ಮನೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತೇನೆ. 'ಗೆಲ್ಲಿಸಪ್ಪಾ,' ಅಂತ ಮನಸ್ಸಿನಲ್ಲಿ ಮತ್ತೊಮ್ಮೆ ಬೇಡಿಕೊಂಡರು. ಈ ಸಲ ಹಿಂದೆ ಮುಂದೆ ನೋಡಲಿಲ್ಲ, ಎದೆ ಧಸಕ್ಕನ್ನಲಿಲ್ಲ. ಆಮೇಲೆ ಪ್ರತಿ ಕೋಣೆಯನ್ನೂ ಕತ್ತು ನೋಯುವ ತನಕ ನೋಡಿದರು. ಜೇನುಗೂಡಿನ ಹಾಗೆ ಕೆತ್ತಿದ ಮಾಡಿನ ಕೆಳಗೆ ನಿಂತು, "ಇದನ್ನ ಕೆತ್ತಿದವರಿಗೆ ಪಗಾರ ಎಷ್ಟು ಕೊಟ್ಟಿದ್ರೋ!" ಅಂತ ಬೆರಗಾದರು. ಇದು ಅವರಿಂದ ಬರಬಹುದಾದ ಅತಿ ದೊಡ್ಡ ಹೊಗಳಿಕೆ ಅಂತ ಬಲ್ಲ ವೈಶಾಲಿ ನಕ್ಕರು.

ಹೊರಗೆ ತೋಟಕ್ಕೆ ಬಂದ ಮೇಲೂ ಫೋನು ಕೇಳಿದವರು ಅವರಲ್ಲ. ವೈಶಾಲಿಯೇ ಪರ್ಸಿನಿಂದ ತೆಗೆದು ಹಚ್ಚಿದರು. ಎತ್ತಿದ ಕೂಡಲೇ ಸ್ಪೀಕರ್ ಹರಿದುಹೋಗುವಂಥ ಸದ್ದು. ಪರದೆಯ ತುಂಬ ಬೆವರಿನ ಮುಖಗಳು, ಒಂದರ ಮೇಲೊಂದು.

"ಸರ್! ಗೆದ್ವಿ ಸರ್! ಎರಡು ಒಂದು!" ಅಂತ ಕಾರ್ತಿಕ್ ಕಿರುಚಿದ. "ಲಾಸ್ಟಲ್ಲಿ ಪ್ರಣವ್ ಹೊಡೆದ. ಹೊಡೆದ ಅಂದ್ರೆ, ಅವನ ಮಂಡಿಗೆ ತಗುಲಿ ಒಳಗೋಯ್ತು. ಅವನಿಗೇ ಗೊತ್ತಾಗಿಲ್ಲ!"

"ಗೊತ್ತಾಯ್ತು ಸರ್, ನಾನು ಪ್ಲಾನ್ ಮಾಡೇ ಇಟ್ಟಿದ್ದೆ!" ಅಂತ ಹಿಂದಿನಿಂದ ಪ್ರಣವ್ ಕೂಗಿದ. ಎಲ್ಲರೂ ಅವನ ತಲೆಗೆ ಹೊಡೆದರು.

ಓಂಪ್ರಕಾಶರು ಗುಲಾಬಿ ಗಿಡದ ಪಕ್ಕದ ಕಲ್ಲು ಬೆಂಚಿನ ಮೇಲೆ ಕುಸಿದು ಕೂತು ಅತ್ತರು. ನಾಚಿಕೆಯಿಲ್ಲದೆ, ಭುಜ ಅಲುಗಾಡಿಸಿ ಅತ್ತರು. ಅಷ್ಟು ಸಂತೋಷ ಅವರಿಗೆ ತಮ್ಮ ಕಾಲೇಜು ದಿನಗಳಲ್ಲೂ ಆದದ್ದು ನೆನಪಿರಲಿಲ್ಲ. "ಶಾಭಾಷ್ ರೋ, ಶಾಭಾಷ್! ನನ್ನ ಹೊಟ್ಟಿ ತುಂಬಿತು," ಅಂದರು. ಆಮೇಲೆ ಮೂಗು ಒರೆಸಿಕೊಂಡು ಮೆಲ್ಲಗೆ, "ನೀವ ಹೇಳಿದ್ದು ಖರೇ ಆತು ನೋಡ್ರಪ್ಪಾ. ನಾ ಇಲ್ಲಂದ್ರ ಗೆಲ್ತೀರಿ," ಅಂದರು. ಆಕಡೆಯ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕೇಳಿಸಿದ್ದು ವೈಶಾಲಿಗೆ. ಅವರು ಫೋನು ಕಸಿದುಕೊಂಡರು. "ಕಾರ್ತಿಕ್, ನಮ್ಮವ್ವಗ ಕೊಡು. ಅವ್ವಾ, ನಿನ್ನ ಅಳಿಯ ಏನ್ ಮಾಡ್ಯಾರ ಕೇಳಿಲ್ಲೆ." ಹರಕೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದರು. ಶಿವಬಸವ್ವ ನಡುವೆ ಬಾಯಿ ಹಾಕದೆ ಕೇಳಿದರು. ಹರಕೆಯ ವಿಷಯ ಬಂದರೆ ಅವರು ಚೇಷ್ಟೆ ಮಾಡುವವರಲ್ಲ. ಎಷ್ಟು ಹೊತ್ತಿದ್ದಾರೋ, ಎಷ್ಟು ತೀರಿಸಿದ್ದಾರೋ!

"ಅಳಿಯಾರ," ಅಂದರು ಕಡೆಗೆ, "ಹೊತ್ತ ಹರಕಿ ತೀರಿಸಬೇಕ. ಅದಕ್ಕ ಎರಡು ಮಾತಿಲ್ಲ."

"ಗೊತ್ತೈತ್ರಿ ಅತ್ತಿಯಾರ. ತೀರಿಸ್ತೀನಿ."

"ತಡೀರಿ. ನಾ ಕಾಶಿಯೊಳಗ ಬಿಟ್ಟ ಬದನಿಕಾಯಿ ಯಾರದು? ನಂದು. ನಾ ತಿನ್ನೂದು. ನೀವು ಬಿಟ್ಟದ್ದು ಯಾರದು?"

"ನಂದ ಅಲ್ರಿ ಮತ್ತ. ನಾ ನಿಲ್ಲೋ ಜಾಗಾ."

"ನಿಮ್ಮದು ಹ್ಯಾಂಗ ಆಕ್ಕೈತಿ?" ಅತ್ತೆಯ ದನಿ ಏರಿತು. "ಮುಂಜಾನಿಂದ ನಾ ಇಲ್ಲೇ ಕುಂತು ನೋಡೇನಿ. ನನಗ ಆಟ ತಿಳಿಯೂದಿಲ್ಲ, ಮಂದಿ ತಿಳಿತೈತಿ. ಈ ಗಂಡಸರು ಚಂಡು ತಪ್ಪಿಸ್ಕೊಂಡಾಗೊಮ್ಮೆ, ಬಿದ್ದಾಗೊಮ್ಮೆ, ಹೊಳ್ಳಿ ಆ ನೀರಿನ ಕ್ಯಾನಿನ ಕಡೆ ನೋಡ್ತಾರ. ಅಲ್ಲಿ ಯಾರೂ ಇಲ್ಲ. ಪಾಪ, ನೀರಡಿಕಿ ಆಗೇತಿ ಅಂತ ನಾನ ಎದ್ದು ನೀರು ಒಯ್ದೆ. ಒಬ್ಬರೂ ಕುಡೀಲಿಲ್ಲ. ಗೆದ್ದ ಮ್ಯಾಲೆ ಏನ್ ಮಾಡಿದ್ರು ಗೊತ್ತೈತೇನು? ಎಲ್ಲಾರೂ ಕೂಗ್ಕೊಂತ ಓಡಿದ್ರು. ಎಲ್ಲಿಗೆ? ಅದ ಕ್ಯಾನಿನ ಕಡೆಗೆ. ಹೋಗಿ ಮುಟ್ಟಿದ ಮ್ಯಾಲೆ ಪಿಳಿಪಿಳಿ ಕಣ್ ಬಿಟ್ಕೊಂಡು ಒಬ್ಬರ ಮೋತಿ ಒಬ್ಬರು ನೋಡ್ಕೊಂತ ನಿಂತ್ರು. ಯಾರನ್ನ ಅಪ್ಕೋಬೇಕು ಅಂತ ತಿಳೀಲಿಲ್ಲ ಅವರಿಗೆ."

ಓಂಪ್ರಕಾಶರು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು. ಆಕಡೆ ಗದ್ದಲ ಇಳಿದಿತ್ತು. ಫೋನಿನ ಅಂಚಿನಲ್ಲಿ ಅಮೋಘ ತಲೆ ತಗ್ಗಿಸಿ ನಿಂತಿದ್ದು ಕಾಣುತ್ತಿತ್ತು.

"ಅದು ನಿಮ್ಮ ಜಾಗಾ ಅಲ್ರಿ ಅಳಿಯಾರ, ಅವರದು," ಅಂದರು ಶಿವಬಸವ್ವ. "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರಿ ಅಂದಂಗ ಮಾಡೀರಿ ನೀವು. ಮಂದಿ ಸೊತ್ತು ತಂದು ಮುಂದಿಟ್ರ ಶಿವ ಮುಟ್ಟೂದಿಲ್ಲ. ಕೊಡೂದಿದ್ರ ನಿಮ್ಮದು ಏನರ ಕೊಡ್ರಿ."

"ಕುಂದಾ ಬಿಡ್ತೀನ್ರಿ," ಅಂದರು ಓಂಪ್ರಕಾಶರು ತಡವರಿಸಿ. ಬೆಳಗಾವಿಯವರು ಕುಂದಾ 'ಬಿಡ್ತೀನಿ' ಅನ್ನುವುದು ಸಣ್ಣ ಮಾತಲ್ಲ.

"ಸ್ಯಾನ್ ಡಿಯಾಗೋದಾಗ ಎಲ್ಲಿ ಸಿಗತೈತಿ ಕುಂದಾ? ದೇವರಿಗೆ ಟೋಪಿ ಹಾಕಾಕ ಹೊಂಟೀರೇನು? ಚಾ ಬಿಡ್ರಿ."

"ಚಾ!" ಓಂಪ್ರಕಾಶರು ಹೌಹಾರಿದರು. ವೈಶಾಲಿ ಸೆರಗಿಲ್ಲದ ಕುರ್ತಾದ ತೋಳನ್ನೇ ಬಾಯಿಗೆ ಒತ್ತಿಕೊಂಡು ನಕ್ಕರು. ಓಂಪ್ರಕಾಶರು ಒಂದು ಕ್ಷಣ ಕಣ್ಣು ಮುಚ್ಚಿದರು. "ಆತ್ರಿ. ಬಿಟ್ಟೆ."

ಆಮೇಲೆ ಫೋನು ಕಾರ್ತಿಕ್‌ನ ಕೈಗೆ ಹೋಯಿತು. ಅವನು ಏನೋ ಹೇಳಲು ಬಾಯಿ ತೆರೆದ, ಸಾರಿ ಸರ್ ಅನ್ನುವಂಥದ್ದೇನೋ. ಓಂಪ್ರಕಾಶರು ಅದಕ್ಕೆ ಆಸ್ಪದ ಕೊಡಲಿಲ್ಲ. ಫೋನನ್ನು ಮುಖದ ಮುಂದೆ ಹಿಡಿದು ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಒತ್ತಿದರು. ಆಕಡೆ ಹನ್ನೊಂದು ಜನ ಒಂದೇ ಸಲ ಸುಮ್ಮನಾದರು.

"ಬರೋ ಭಾನುವಾರ ಪ್ರಾಕ್ಟೀಸು," ಅಂದರು ಅವರು. "ಗೆದ್ದೇವಿ ಅಂತ ಹೇಳಿ ಯಾರಾದ್ರೂ ತಡಾ ಮಾಡಿ ಬಂದ್ರ ನೋಡ್ರಿ, ನಾ ಅಲ್ಲೇ ನಿಂತಿರ್ತೀನಿ."